ಎರಡು ಗಂಟೆಗೆ ಸುಮ್ಮನಾದ ಸೂರ್ಯ

ಹೋದ ತಿಂಗಳು ಗದ್ವಾಲದ ಒಂದು ಮದುವೆ ಹಾಲಿನಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ನಿವೃತ್ತಿಯ ಸನ್ಮಾನ ನಡೆಯಿತು. ನಮ್ಮ ಕರೆಂಟು ಇಲಾಖೆಯಲ್ಲಿ ಮನುಷ್ಯನೊಬ್ಬ ಒಳ್ಳೆಯವನೆಂದು ಗೊತ್ತಾಗುವುದು ಅವನು ನಿವೃತ್ತನಾಗುವ ದಿನ, ಸಂಜೆ ಐದರಿಂದ ಏಳರವರೆಗೆ. ಆ ಎರಡು ತಾಸು ಅವರೂ ಒಳ್ಳೆಯವರಾದರು. ಅವರನ್ನು ದೂರದ ರಾಜೋಳಿಗೆ ವರ್ಗ ಮಾಡಿ ಅಟ್ಟಿದ್ದ ಸಾಹೇಬರೇ ಶಾಲು ಹೊದಿಸಿದರು. ನಾನು ಹನ್ನೆರಡು ನಿಮಿಷ ಮಾತಾಡಿದೆ. 'ಕಂಡದ್ದನ್ನು ಕಂಡ ಹಾಗೆ ಬರೆದ ಮನುಷ್ಯ' ಎಂದಾಗ ಚಪ್ಪಾಳೆ ಬಿತ್ತು. ಮಾತು ಪೂರ್ತಿ ನಿಜ. ಹಾಗೆ ಬರೆದದ್ದಕ್ಕೇ ಅವರಿಗೆ ಶಿಕ್ಷೆಯಾಯಿತು, ಆ ಶಿಕ್ಷೆಗೆ ಸಾಕ್ಷಿ ಹೇಳಿದವನು ನಾನು ಎಂಬುದನ್ನು ಹೇಳಲು ಹದಿಮೂರನೆಯ ನಿಮಿಷ ಬೇಕಾಗಿತ್ತು. ಅಷ್ಟರಲ್ಲಿ ಉಪ್ಪಿಟ್ಟು ಬಂತು.

ಕೊನೆಗೆ ಅವರ ಕೈಗೆ ಮೈಕು ಕೊಟ್ಟರು. ಜಾರುತ್ತಿದ್ದ ಶಾಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು, "ಎಲ್ಲಾರೂ ಚಲೋ ಮಾತಾಡಿದ್ರಿ. ನೋಡಿದ್ದಷ್ಟ ಹೇಳಿದ್ರ ಇನ್ನಾ ಲಗೂ ಮುಗೀತಿತ್ತು. ಚಹಾ ಆರಾಕತ್ತೈತಿ, ಕುಡೀರಿ," ಎಂದು ಕೂತುಬಿಟ್ಟರು. ಜನ ಅದನ್ನು ವಿನಯವೆಂದು ತಿಳಿದು ಮತ್ತೊಮ್ಮೆ ಚಪ್ಪಾಳೆ ಹೊಡೆದರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಸನ್ಮಾನಪತ್ರದಲ್ಲಿ ಎರಡು ಕಡೆ ಎರಡು ತರಹ ತಪ್ಪಾಗಿ ಅಚ್ಚಾಗಿತ್ತು. ಸದ್ಯಕ್ಕೆ ಅಷ್ಟು ಸಾಕು.

ಮಕ್ತಲ್ ಕಡೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ನಾವು ನಾಲ್ವರು ಆಪರೇಟರುಗಳಿದ್ದೆವು. ಬೆಳಿಗ್ಗೆ ಆರರಿಂದ ಎರಡು, ಎರಡರಿಂದ ಹತ್ತು, ಹತ್ತರಿಂದ ಬೆಳಗಿನವರೆಗೆ, ಹೀಗೆ ಪಾಳಿ. ನಾಲ್ಕನೆಯವನಿಗೆ ಅವತ್ತು ರಜೆ. ಈ ನಾಲ್ವರಲ್ಲಿ ಅವರು ಗುಂಡುಮಾಲಿನ ಕುರುಬರ ಮನೆಯವರು, ಬೀರಪ್ಪನ ಒಕ್ಕಲು. ನಾನು ಗದ್ವಾಲದ ವೈಷ್ಣವರ ಮನೆಯವನು. ನಮ್ಮಜ್ಜ ಗುಡಿಯ ಪೂಜೆ ಮಾಡಿಕೊಂಡಿದ್ದರು, ಸೋದರಮಾವಂದಿರು ಮಂತ್ರಾಲಯದಲ್ಲಿದ್ದಾರೆ. ಅವರು ನನಗಿಂತ ಮೂರು ವರ್ಷ ದೊಡ್ಡವರಾದರೂ ನನ್ನನ್ನು 'ಆಚಾರ್ರೇ' ಎಂದು ಬಹುವಚನದಲ್ಲೇ ಕರೆಯುತ್ತಿದ್ದರು. ನಾನು 'ಅಣ್ಣಾರೇ' ಎನ್ನುತ್ತಿದ್ದೆ.

ನೋಡಲು ಉದ್ದ, ತೆಳ್ಳಗೆ. ಕರಿ ಉಣ್ಣೆಯ ದಾರದಲ್ಲಿ ಒಂದು ಪೆನ್ನು ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಹೊಸಬರು ಅದನ್ನು ಬೀರಪ್ಪನ ತಾಯಿತವೆಂದು ತಿಳಿಯುತ್ತಿದ್ದರು. ಕೈಯಲ್ಲಿ ಬೇವಿನ ಕೋಲು. ಆ ಕೋಲಿನ ಒಂದು ತುದಿಯನ್ನು ಟ್ರಾನ್ಸ್‌ಫಾರ್ಮರಿನ ಮೈಗೆ ಹಚ್ಚಿ, ಇನ್ನೊಂದು ತುದಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದರು. "ಇವತ್ತ ಆರಾಮೈತಿ" ಎಂದೋ "ಇವತ್ತ ಯಾಕೋ ಗಂಟಲಾ ಕಟ್ಟೈತಿ" ಎಂದೋ ಹೇಳಿ ಅದನ್ನು ಲಾಗ್‌ಶೀಟಿನ ಕೊನೆಯ, ಷರಾ ಬರೆಯುವ ಕಲಮಿನಲ್ಲಿ ಬರೆಯುತ್ತಿದ್ದರು. ಆ ಕಲಮನ್ನು ಓದುವ ಅಧಿಕಾರಿ ಇನ್ನೂ ಹುಟ್ಟಿಲ್ಲ. ನಾವು ಮೂವರು ಕಂಟ್ರೋಲ್ ರೂಮಿನ ಕಿಟಕಿಯಿಂದ ನೋಡಿ ನಗುತ್ತಿದ್ದೆವು.

ಲಾಗ್‌ಶೀಟಿನ ವಿಷಯ ಹೇಳಬೇಕು. ತಾಸಿಗೊಮ್ಮೆ ಟ್ರಾನ್ಸ್‌ಫಾರ್ಮರುಗಳಿರುವ ಯಾರ್ಡಿಗೆ ಹೋಗಿ, ಮೀಟರುಗಳನ್ನು ನೋಡಿ, ಬಂದು ಬರೆಯಬೇಕೆಂಬುದು ನಿಯಮ. ನಿಯಮಕ್ಕೆ ಬಿಸಿಲು ತಾಗುವುದಿಲ್ಲ, ನಮಗೆ ತಾಗುತ್ತದೆ. ಹಾಗಾಗಿ ಪಾಳಿಗೆ ಬಂದ ಕೂಡಲೇ ಮುಂದಿನ ಎಂಟು ತಾಸಿನ ರೀಡಿಂಗನ್ನು ಪೆನ್ಸಿಲಿನಲ್ಲಿ ಬರೆದುಬಿಡುವುದು ನಮ್ಮ ಪದ್ಧತಿ. ಪಾಳಿ ಮುಗಿಯುವಾಗ, ನಡುವೆ ಏನೂ ಸುಟ್ಟಿರದಿದ್ದರೆ ಅದರ ಮೇಲೆ ಪೆನ್ನು ಎಳೆಯುವುದು. ಏನಾದರೂ ಕೆಟ್ಟಿದ್ದರೆ ರಬ್ಬರಿನಿಂದ ಒರೆಸಿ ಆ ಒಂದು ತಾಸಿನಷ್ಟು ನಿಜ ಬರೆಯುವುದು. ನಮ್ಮ ಮನೆಯಲ್ಲಿ ಮೂರು ತಲೆಮಾರು ಊರವರಿಗೆ ಪಂಚಾಂಗ ಓದಿ ಹೇಳಿದವರು; ಮುಂದಾಗುವುದನ್ನು ಕೂತಲ್ಲೇ ಹೇಳುವುದು ನನಗೆ ರಕ್ತದಲ್ಲೇ ಬಂದಿತ್ತು. ಎಲ್ಲ ತಾಸಿಗೂ ಒಂದೇ ವೋಲ್ಟೇಜು ಬರೆದರೆ ಅನುಮಾನ ಬರುತ್ತದೆಂದು ಅಲ್ಲಲ್ಲಿ ಒಂದಿಷ್ಟು ಏರಿಳಿತ ಕೊಡುತ್ತಿದ್ದೆ. ನನ್ನ ಏರಿಳಿತಕ್ಕೆ ಒಂದು ಸೊಗಸಿದೆಯೆಂದು ಉಳಿದಿಬ್ಬರೂ ಒಪ್ಪಿಕೊಂಡಿದ್ದರು.

ಅವರೊಬ್ಬರೇ ಪ್ರತಿ ತಾಸಿಗೆ ಎದ್ದು ಹೋಗಿ, ನೋಡಿ, ನೇರ ಪೆನ್ನಿನಲ್ಲಿ ಬರೆಯುತ್ತಿದ್ದರು. ಹೊಟ್ಟೆ ಕೆಟ್ಟೋ, ಫೋನು ಬಂದೋ ಒಂದು ತಾಸು ತಪ್ಪಿದರೆ ಆ ಖಾನೆಯಲ್ಲಿ ಒಂದು ಅಡ್ಡ ಗೀಟು ಎಳೆದಿರುತ್ತಿದ್ದರು. ಒಮ್ಮೆ ನಾನು ತಡೆಯಲಾರದೆ ಕೇಳಿದೆ.

"ಅಣ್ಣಾರೇ, ಗೀಟು ಕಂಡ್ರ ಸಾಹೇಬ್ರು ಕೇಳ್ತಾರ. ಸುಮ್ಮ ಒಂದು ನಂಬರ್ ಹಾಕಬಾರದೇನ್ರಿ?"

"ನೋಡಿಲ್ಲಲ್ರಿ."

"ಸೊನ್ನಿ ಆದ್ರೂ ಹಾಕ್ರಿ."

"ಸೊನ್ನಿ ಅಂದ್ರ ನೋಡೀನಿ, ಏನೂ ಇಲ್ಲ ಅಂತ. ಗೀಟು ಅಂದ್ರ ನೋಡೇ ಇಲ್ಲ ಅಂತ. ನಮ್ಮಪ್ಪ ಕುರಿ ಎಣಿಸದ ದಿನ 'ಎಣಿಸಿಲ್ಲ' ಅಂತಿದ್ದ. 'ಕುರೀನ ಇಲ್ಲ' ಅಂತಿದ್ದಿಲ್ಲ."

ಈ ಮಾತನ್ನು ನಾನು ಉಳಿದಿಬ್ಬರಿಗೆ ನಟಿಸಿ ತೋರಿಸಿದೆ. ಒಂದು ವಾರ ನಮಗೆ ಅದೇ ನಗೆ.

ಐದು ವರ್ಷದ ಹಿಂದೆ ಹೈದರಾಬಾದಿನಿಂದ ಸಂಶೋಧನೆ ಮಾಡುವ ಒಬ್ಬ ತರುಣಿ ಬಂದರು. ನಾವೆಲ್ಲ ಮೇಡಮ್ಮು ಎಂದೇ ಕರೆದೆವು. ತೆಲುಗು, ದಖ್ಖನಿ, ಒಂದಿಷ್ಟು ಕನ್ನಡ ಕೂಡಿಸಿ ಅವರು ಹೇಳಿದ್ದರ ಸಾರಾಂಶ ಇದು. ಸೂರ್ಯನಲ್ಲಿ ಆಗಾಗ ಬಿರುಗಾಳಿ ಏಳುತ್ತದೆ. ಅದು ಒಂದೆರಡು ದಿನದಲ್ಲಿ ಇಲ್ಲಿಯವರೆಗೆ ಬಂದು ತಾಗಿದಾಗ ಭೂಮಿಯ ಅಯಸ್ಕಾಂತ ಶಕ್ತಿ ಅಲುಗುತ್ತದೆ, ದಿಕ್ಸೂಚಿಯ ಮುಳ್ಳು ನಡುಗುತ್ತದೆ. ಊರಿಂದೂರಿಗೆ ಎಳೆದ ನಮ್ಮ ಉದ್ದನೆಯ ತಂತಿಗಳಲ್ಲಿ ಯಾರೂ ಬಿಡದ ಒಂದು ನಿಧಾನದ ಕರೆಂಟು ಹುಟ್ಟಿ, ಟ್ರಾನ್ಸ್‌ಫಾರ್ಮರಿನಿಂದ ನೆಲಕ್ಕಿಳಿಯುವ ಲೋಹದ ಪಟ್ಟಿಯಲ್ಲಿ ಹರಿಯುತ್ತದೆ. ಅದು ಹೆಚ್ಚಾದರೆ ಟ್ರಾನ್ಸ್‌ಫಾರ್ಮರು ಕಾಯುತ್ತದೆ, ನರಳುತ್ತದೆ. ದೂರದ ಚಳಿ ದೇಶಗಳಲ್ಲಿ ಊರಿಗೂರೇ ಕತ್ತಲಾಗುವುದೂ ಉಂಟು. ನಮ್ಮ ಕಡೆ ಇದು ಬಹಳ ಕಡಿಮೆ. ಆದರೆ ಎಷ್ಟು ಕಡಿಮೆ ಎಂದು ಯಾರೂ ಕೂತು ಅಳೆದಿಲ್ಲ. ಅದನ್ನು ಅಳೆಯಲು ಬಂದಿದ್ದರು. ಸಾಹೇಬರು ಎಲ್ಲವನ್ನೂ ಗಂಭೀರವಾಗಿ ಕೇಳಿ, "ಅಂದರೆ ಸೋಲಾರ್ ಪ್ಯಾನೆಲ್ ಯಾವಾಗ ಬರುತ್ತೆ?" ಎಂದು ವಿಚಾರಿಸಿದರು.

ನಮ್ಮ ಅಣ್ಣಾರು ಮಾತ್ರ ಬೇರೆ ಪ್ರಶ್ನೆ ಕೇಳಿದರು. "ಮೇಡಮ್ಮೋರೇ, ಇದು ಕಿವಿಗೆ ಕೇಳಸ್ತೈತೇನ್ರಿ?"

ಜೋರಾಗಿ ಬಂದರೆ ಟ್ರಾನ್ಸ್‌ಫಾರ್ಮರಿನ ಸದ್ದು ಬದಲಾಗಬಹುದು ಎಂದರು ಮೇಡಮ್ಮು.

"ಹಂಗಾರ ನಾ ಮೊದಲ ಕೇಳೀನಿ ಬಿಡ್ರಿ," ಎಂದು ಅವರು ದಫ್ತರದ ಕೋಣೆಗೆ ಹೋಗಿ ಎರಡು ವರ್ಷದ ಹಿಂದಿನ ಒಂದು ಲಾಗ್‌ಶೀಟು ಹುಡುಕಿ ತಂದರು. ಕೊನೆಯ ಕಲಮಿನಲ್ಲಿ 'ಹನ್ನೊಂದರಿಂದ ಗಂಟಲು ಕಟ್ಟಿದೆ, ಲೋಡು ಜಾಸ್ತಿ ಇಲ್ಲ' ಎಂದಿತ್ತು. ಮೇಡಮ್ಮು ತಮ್ಮ ಲ್ಯಾಪ್‌ಟಾಪಿನಲ್ಲಿ ಆ ದಿನವನ್ನು ತೆಗೆದು ನೋಡಿದರು. ಎರಡನೆಯ ಸಲ ನೋಡಿದರು; ಆ ದಿನ ಅದೇ ಹೊತ್ತಿಗೆ ಬಿರುಗಾಳಿ ತಾಗಿತ್ತು. ಆಮೇಲೆ ಎದ್ದು ನಿಂತು, "ಮೀ ಪೇರು ಕೂಡಾ ವೇಸ್ತಾನು ಅನ್ನಾ," ಎಂದರು. ತಮ್ಮ ಸಂಶೋಧನೆಯ ಪುಸ್ತಕದಲ್ಲಿ ಈ ರೀಡಿಂಗುಗಳ ಕೆಳಗೆ ಅವರ ಹೆಸರು ಹಾಕುತ್ತೇನೆಂಬ ಮಾತು ಅದು. ಮೂವತ್ತು ವರ್ಷ ಬರೆದ ಕಲಮನ್ನು ಮೊದಲ ಸಲ ಒಬ್ಬರು ಓದಿದ್ದರು. ಆವತ್ತು ಸಂಜೆ ಅಣ್ಣಾರು ನಮಗೆಲ್ಲ ಮಕ್ತಲಿನಿಂದ ಮಿರ್ಚಿ ಭಜಿ ತರಿಸಿದರು. ನಾವು ತಿಂದು, ಅವರ ಬೆನ್ನ ಹಿಂದೆ 'ಸೈಂಟಿಸ್ಟು' ಎಂದು ಹೆಸರಿಟ್ಟೆವು.

ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆಯನ್ನು ಮೇಡಮ್ಮು ಆ ಲೋಹದ ಪಟ್ಟಿಗೆ ಕಟ್ಟಿಸಿ ಹೋದರು. ಅದರ ಮುಖದ ಮೇಲೆ ಕೆಂಪಗೆ ಅಂಕಿ ಮೂಡುತ್ತಿತ್ತು. ಅದು ತನ್ನೊಳಗೆ ತಾನೇ ಬರೆದುಕೊಳ್ಳುತ್ತದೆ. ತಾಳೆ ನೋಡಲಿಕ್ಕೆಂದು ನಾವೂ ತಾಸಿಗೊಮ್ಮೆ ಆ ಅಂಕಿಯನ್ನು ಲಾಗ್‌ಶೀಟಿನಲ್ಲಿ ಬರೆಯಬೇಕು. ಪಕ್ಕದ ಕಬ್ಬಿಣದ ಕಪಾಟಿನಲ್ಲಿದ್ದ ಒಂದೇ ಒಂದು ಸಾಕೆಟ್ಟಿನಿಂದ ಅದಕ್ಕೆ ಕರೆಂಟು.

ಆ ಕಪಾಟಿನ ಹತ್ತಿರ ಒಂದು ಬೇವಿನ ಮರವಿತ್ತು. ನಮ್ಮ ಸಬ್‌ಸ್ಟೇಷನ್ನಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ಆ ಮರದ ಕೆಳಗೆ ಮಾತ್ರ. ಇಷ್ಟು ಹೇಳಿದರೆ ಉಳಿದದ್ದು ಯಾರಿಗಾದರೂ ತಿಳಿಯುತ್ತದೆ. ನೆರಳು, ಕುರ್ಚಿ, ಸಿಗ್ನಲ್ ಮೂರೂ ಇದ್ದ ಜಾಗದಲ್ಲಿ ಸಾಕೆಟ್ಟನ್ನು ಸೂರ್ಯನಿಗೆ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನಮಗಿರಲಿಲ್ಲ. ಪೆಟ್ಟಿಗೆಯ ಪ್ಲಗ್ಗು ಕೀಳುವುದು, ಚಾರ್ಜರು ಹಾಕುವುದು. ಪೆಟ್ಟಿಗೆಯ ಕಲಮಿನಲ್ಲಿ ಎಂಟು ಸೊನ್ನೆ ಬರೆಯುವುದು. ಹೆಚ್ಚಿನ ದಿನ ನೋಡಿದ್ದರೂ ಅಲ್ಲಿ ಸೊನ್ನೆಯ ಆಸುಪಾಸೇ ಇರುತ್ತಿತ್ತಂತೆ, ಹಾಗಾಗಿ ನಮಗೆ ಪಾಪವೂ ಕಾಡುತ್ತಿರಲಿಲ್ಲ.

ಅವರು ತಮ್ಮ ಪಾಳಿಗೆ ಬಂದು ಪ್ಲಗ್ಗು ಮತ್ತೆ ಸಿಕ್ಕಿಸುತ್ತಿದ್ದರು. ಯಾರು ಕಿತ್ತಿರಿ ಎಂದು ಒಮ್ಮೆಯೂ ಕೇಳಲಿಲ್ಲ. ಕಪಾಟಿನ ಬಾಗಿಲ ಮೇಲೆ ಸುಣ್ಣದಕಡ್ಡಿಯಲ್ಲಿ 'ಇದು ಸೂರ್ಯನ ಪ್ಲಗ್ಗು, ಕೀಳಬ್ಯಾಡ್ರಿ' ಎಂದು ಬರೆದರು. ಅದು ಮಳೆಗೆ ಹೋಯಿತು ಎಂದೆವು. ಆಗ ಮಳೆಗಾಲವಿರಲಿಲ್ಲ. ಆಮೇಲೆ ನಾರಾಯಣಪೇಟೆಯಿಂದ ನಾಲ್ಕು ಸಾಕೆಟ್ಟಿನ ಒಂದು ಹಲಗೆ ತಂದು ಜೋಡಿಸಿದರು, ಎಲ್ಲರಿಗೂ ಆಗಲಿ ಎಂದು. ಅದು ದೀಪಾವಳಿಗೆ ಯಾರದೋ ಮನೆಯ ದೀಪದ ಸರಕ್ಕೆ ಹೋಯಿತು. ಆ ಮನೆ ನನ್ನದೇ.

ಇನ್ನು ಶಿಕ್ಷೆಗೆ ಕಾರಣವಾದ ದಿನದ ಮಾತು. ಅವರದು ಬೆಳಗಿನ ಪಾಳಿ, ನನ್ನದು ಎರಡರಿಂದ. ನಾನು ಹೋದಾಗ ಅವರು ಪೆಟ್ಟಿಗೆಯ ಮುಂದೆ ನಿಂತಿದ್ದರು, ಅಂಗಿ ಬೆನ್ನಿಗೆ ಅಂಟಿತ್ತು. ಬೇವಿನ ಕೋಲನ್ನು ನನ್ನ ಕೈಗೆ ಕೊಟ್ಟರು. ಅದನ್ನು ಅವರು ಯಾರ ಕೈಗೂ ಕೊಡುವವರಲ್ಲ.

"ಆಚಾರ್ರೇ, ಇವತ್ತ ಬಿಡಬ್ಯಾಡ್ರಿ. ಹತ್ತರಿಂದ ಏರಾಕತ್ತೈತಿ. ಇಷ್ಟು ನಾ ಎಂದೂ ನೋಡಿಲ್ಲ. ನಾ ಇಲ್ಲೇ ಇರ್ತಿದ್ದೆ, ಮಗಳ್ನ ನೋಡಾಕ ಬೀಗರು ಬಂದು ಕುಂತಾರ ಊರಾಗ. ತಾಸಿಗೊಮ್ಮೆ ನೋಡಿ ಬರೀರಿ, ಅಷ್ಟ ಸಾಕು."

"ಆತ್ರಿ ಅಣ್ಣಾರೇ, ಚಿಂತಿ ಬ್ಯಾಡ," ಎಂದೆ.

ಅವರ ಗಾಡಿ ಗೇಟು ದಾಟಿತು. ನನ್ನ ಮೊಬೈಲಿನಲ್ಲಿ ಚಾರ್ಜು ಮುಗಿಯುತ್ತ ಬಂದಿತ್ತು, ಮತ್ತು ಎರಡೂವರೆಗೆ ಒಂದು ಪ್ರವಚನವಿತ್ತು. ಪ್ರವಚನದ ವಿಷಯ ಸೂರ್ಯೋಪಾಸನೆ. ನಾನು ನಗೆಗಾಗಿ ಕಟ್ಟಿ ಹೇಳುತ್ತಿಲ್ಲ. ನಿತ್ಯ ಬೆಳಿಗ್ಗೆ ಅರ್ಘ್ಯ ಕೊಡುವವನು ನಾನು; ಸೂರ್ಯನ ಮಹಿಮೆ ಕೇಳುವ ಆಸೆಯಿಂದ ಸೂರ್ಯನ ಪ್ಲಗ್ಗು ಕಿತ್ತೆ. ಒಳಗೆ ಬಂದು ಎಂಟು ಸೊನ್ನೆ ಬರೆದೆ. ಏರಿಳಿತ ಕೊಡುವ ಕಷ್ಟವೂ ಇರಲಿಲ್ಲ.

ಸಂಜೆ ಐದಕ್ಕೆ ಅವರ ಫೋನು ಬಂತು. ಹಿಂದೆ ಬೀಗರ ಗದ್ದಲ ಕೇಳುತ್ತಿತ್ತು.

"ಎಷ್ಟೈತ್ರಿ ಈಗ?"

"ಸೊನ್ನಿ ಅಣ್ಣಾರೇ. ಇಳದುಬಿಟ್ಟೈತಿ."

"ಪೂರಾ ಸೊನ್ನಿ?"

"ಪೂರಾ."

"ಹಂಗೇನು," ಎಂದು ಇಟ್ಟುಬಿಟ್ಟರು. ದನಿ ಸಣ್ಣದಾಗಿತ್ತು. ಬೀಗರು ಒಪ್ಪಲಿಲ್ಲವೇನೋ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಆರಕ್ಕೆ ಬಂದ ಅವರಿಗೆ ಸಾಕೆಟ್ಟಿನಲ್ಲಿ ನನ್ನ ಚಾರ್ಜರು ಸಿಕ್ಕಿತು. ಮರೆತು ಹೋಗಿದ್ದೆ. ಕಳುವಾಗದಿರಲೆಂದು ನಮ್ಮ ಮನೆಯಾಕೆ ಅದಕ್ಕೆ ಬಿಳಿ ಪಟ್ಟಿ ಸುತ್ತಿ ನನ್ನ ಹೆಸರು ಬರೆದಿದ್ದಳು. ಅವರು ಅದನ್ನು ಪೇಪರಿನಲ್ಲಿ ಸುತ್ತಿ, ಮಧ್ಯಾಹ್ನ ನನ್ನ ಕೈಗೆ ಕೊಟ್ಟರು. ಲಾಗ್‌ಶೀಟಿನ ಕೊನೆಯ ಕಲಮಿನಲ್ಲಿ 'ಆರಕ್ಕೆ ಪ್ಲಗ್ ಹೊರಗಿತ್ತು, ಹಾಕಿದೆ' ಎಂದು ಬರೆದಿದ್ದರು. ಯಾರು ತೆಗೆದದ್ದೆಂದು ಬರೆದಿರಲಿಲ್ಲ. ಚಾರ್ಜರಿನ ಅರ್ಥ ಅವರಿಗೆ ಆಗಿಲ್ಲವೆಂದು ನಾನು ನನಗೇ ಹೇಳಿಕೊಂಡೆ. ಇನ್ನೊಬ್ಬರನ್ನು ದಡ್ಡರೆಂದು ನಂಬುವುದು ಅಂಥ ಹೊತ್ತಿನಲ್ಲಿ ಬಹಳ ಸುಲಭ.

ಎರಡು ತಿಂಗಳಿಗೆ ಮೇಡಮ್ಮು ಪೆಟ್ಟಿಗೆಯೊಳಗಿನ ಲೆಕ್ಕವನ್ನು ಚಿತ್ರ ಮಾಡಿ ತಂದರು. ಸಾಹೇಬರ ಕೋಣೆಯಲ್ಲಿ ಅದನ್ನು ಮೇಜಿನ ಮೇಲೆ ಹಾಸಿದರು. ಆ ದಿನದ ಗೆರೆ ಹತ್ತರಿಂದ ಗುಡ್ಡದಂತೆ ಏರುತ್ತ ಹೋಗಿ, ಎರಡು ಗಂಟೆ ದಾಟಿದ ಸ್ವಲ್ಪದರಲ್ಲೇ ಕಡಿದು ನೆಲಕ್ಕೆ ಬಿದ್ದಿತ್ತು. ದೇಶದ ಬೇರೆ ಕಡೆ ದಿಕ್ಸೂಚಿಗಳು ಸಂಜೆಯವರೆಗೂ ನಡುಗಿದ್ದವಂತೆ. ಇಡೀ ವರ್ಷದ ಗೆರೆ ನೋಡಿದರೂ ಅದೇ ಕತೆ: ಏನಾದರೂ ಅಲುಗಿದ್ದರೆ ಅದು ಅವರ ಪಾಳಿಯಲ್ಲಿ ಮಾತ್ರ. ಕರೆಂಟಿಲ್ಲದ ಹೊತ್ತಿಗೆಲ್ಲ ಪೆಟ್ಟಿಗೆಯ ಲೆಕ್ಕದಲ್ಲಿ ಸೊನ್ನೆ ಎಂದೇ ಬಿದ್ದಿತ್ತು. ನಮ್ಮ ಸಹವಾಸದಲ್ಲಿ ಯಂತ್ರವೂ ನೋಡದೆ ಸೊನ್ನೆ ಬರೆಯುವುದನ್ನು ಕಲಿತಿತ್ತು.

"ಏಮಯ್ಯಾ," ಎಂದರು ಸಾಹೇಬರು, "ಸೂರ್ಯ ನಿನ್ನ ಡ್ಯೂಟಿ ಚಾರ್ಟ್ ನೋಡಿ ಕೆಡತಾನೇನು?"

"ಪ್ಲಗ್ ಹೊರಗಿತ್ತ್ರಿ ಸಾಹೇಬ್ರ. ಬರದೀನಿ ನೋಡ್ರಿ."

"ಪ್ಲಗ್ ಹೊರಗಿದ್ರ ಈ ಮೂರು ಮಂದಿ ರೀಡಿಂಗ್ ಹೆಂಗ ಬರದ್ರು? ಮೂರು ದಸ್ಕತ್ತು ಸುಳ್ಳು, ನಿಂದೊಂದ ಖರೇನು? ಯಾರು ಕಿತ್ತಿದ್ದು ಹೇಳು."

ಅವರು ನನ್ನ ಕಡೆ ನೋಡಿದರು. ಅವರು ಮತ್ತೆ ನೆಲ ನೋಡಿ, "ಕಿತ್ತಿದ್ದು ನಾ ನೋಡಿಲ್ರಿ," ಎಂದರು.

ಸಾಹೇಬರು ನನ್ನ ಕಡೆ ತಿರುಗಿದರು. ಹಣೆಯ ಮೇಲಿನ ನಾಮ, ಅಂಗಾರ ಅವರಿಗೆ ಬಹಳ ಹಿಡಿಸುತ್ತಿದ್ದವು. "ಆಚಾರ್ಯುಲು ಗಾರೂ, ನೀವು ಪೂಜಾ ಪುನಸ್ಕಾರ ಮಾಡೋರು. ನೀವು ಹೇಳ್ರಿ. ಪ್ಲಗ್ ಇತ್ತಾ?"

"ಇತ್ತು ಸರ್. ಜೀರೋ ಇತ್ತು."

ಅಲ್ಲಿಗೆ ತಹಕೀಕಾತು ಮುಗಿಯಿತು. ಅಳತೆಯ ಯಂತ್ರಕ್ಕೆ ಕೈಹಾಕಿ ಸುಳ್ಳು ರೀಡಿಂಗು ಬರಿಸಿದ್ದಾರೆಂದು ಅವರ ಸರ್ವಿಸ್ ಪುಸ್ತಕದಲ್ಲಿ ಬರೆದು, ಹಳೆಯ ಜಿಲ್ಲೆಯ ಆ ತುದಿಗೆ, ತುಂಗಭದ್ರೆಯ ದಂಡೆಯ ರಾಜೋಳಿಗೆ ತಬಾದಲೆ ಮಾಡಿದರು. ಮೇಡಮ್ಮು ನಮ್ಮ ಸಬ್‌ಸ್ಟೇಷನ್ನಿನ ಲೆಕ್ಕವನ್ನೇ ಪುಸ್ತಕದಿಂದ ಕೈಬಿಟ್ಟರು, ಪೆಟ್ಟಿಗೆ ಬಿಚ್ಚಿಕೊಂಡು ಹೋದರು. ಲಿಖಿತ ಜವಾಬು ಕೇಳಿದಾಗ ಅವರು ಎರಡು ಸಾಲು ಬರೆದಿದ್ದರು: 'ನಾನು ನೋಡಿದ್ದನ್ನು ಬರೆದಿದ್ದೇನೆ. ಉಳಿದವರು ನೋಡಿದ್ದನ್ನು ಉಳಿದವರು ಬರೆದಿರಬೇಕು.' ಸಾಹೇಬರಿಗೆ ಇದರಲ್ಲಿ ತಪ್ಪೊಪ್ಪಿಗೆ ಕಂಡಿತು. ನನಗೆ ಕಂಡದ್ದನ್ನು ನಾನು ಯಾರಿಗೂ ಹೇಳಲಿಲ್ಲ.

ನಾಲ್ಕು ವರ್ಷ ಅವರು ಅಲ್ಲಿದ್ದರು. ಒಮ್ಮೆ ಮಾತ್ರ ಗದ್ವಾಲದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರು. ಕೊರಳಲ್ಲಿ ಪೆನ್ನು ಹಾಗೇ ಇತ್ತು. ನಾನು ಕಂಬದ ಮರೆಗೆ ಸರಿಯುವಷ್ಟರಲ್ಲಿ ಕರೆದರು.

"ಪೆಟಿಗಿ ತಗೊಂಡು ಹೋದ್ರಂತಲ್ರಿ ಆಚಾರ್ರೇ."

"ಹೌದ್ರಿ ಅಣ್ಣಾರೇ."

"ಚಲೋ ಆತು ಬಿಡ್ರಿ. ನಿಮಗ ಸಾಕೆಟ್ ಖಾಲಿ ಆತು," ಎಂದು ಮಾನೋಪಾಡಿನ ಬಸ್ಸು ಹತ್ತಿದರು. ಮೂವತ್ತು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಒಂದೇ ಚುಚ್ಚುಮಾತು ಅದು.

ಸನ್ಮಾನದ ಮುಂದಿನ ಭಾನುವಾರ ನಾನು ಗುಂಡುಮಾಲಿಗೆ ಹೋದೆ. ಬಾಗಿಲಲ್ಲಿ ಅವರ ಹೆಂಡತಿ ಜೋಳ ಹಸನು ಮಾಡುತ್ತ ಕೂತಿದ್ದರು. ನಾರಾಯಣಪೇಟೆಯ ಹೆಣ್ಣುಮಗಳು, ಮಾತು ಚುರುಕು. ನನ್ನ ಹಣೆ ನೋಡಿ, ಒಳಗೆ ಮುಖ ಮಾಡಿ ಕೂಗಿದರು. "ಬರ್ರಿಲ್ಲೆ. ನಿಮ್ಮ ಸೊನ್ನಿ ಆಚಾರ್ರು ಬಂದಾರ."

ಆ ಮನೆಯಲ್ಲಿ ನಾಲ್ಕು ವರ್ಷದಿಂದ ನನ್ನ ಹೆಸರು ಅದು ಎಂದು ತಿಳಿಯಿತು. ಬರುವಾಗ ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಪೀಠಿಕೆ ಅಲ್ಲೇ ಉದುರಿತು.

ಅವರು ಹಿತ್ತಲಲ್ಲಿದ್ದರು. ಕಬ್ಬಿಣ ಹತ್ತಿರವಿಲ್ಲದ ಒಂದು ಮೂಲೆಯಲ್ಲಿ ಮರದ ಹಲಗೆಯ ಮೇಲೆ ಒಂದು ದಿಕ್ಸೂಚಿ ಕೂರಿಸಿ, ಕೆಳಗೆ ಬಿಳಿ ಕಾಗದದ ಮೇಲೆ ಕೂದಲೆಳೆಯಂಥ ಗೆರೆಗಳನ್ನು ಎಳೆದಿದ್ದರು. ಪಕ್ಕದಲ್ಲಿ ನೋಟ್‌ಬುಕ್ಕು. ದಿನಕ್ಕೆ ಮೂರು ಸಲ ನೋಡಿ ಬರೆಯುತ್ತಾರಂತೆ. ನಡುವೆ ಅಲ್ಲಲ್ಲಿ ಗೀಟುಗಳಿದ್ದವು. ಸನ್ಮಾನದ ದಿನ ಮೂರೂ ಗೀಟೇ.

"ಅಣ್ಣಾರೇ, ಆವತ್ತ ಪ್ಲಗ್ ಕಿತ್ತಾವ ನಾನ," ಎಂದೆ.

"ಹೂಂ."

"ನಿಮಗ ಗೊತ್ತಿತ್ತಲ್ಲ. ಚಾರ್ಜರ್ ನೀವ ಕೊಟ್ಟಿದ್ರಿ. ಸಾಹೇಬ್ರ ಮುಂದ ಯಾಕ ಹೇಳಲಿಲ್ಲ?"

"ಚಾರ್ಜರ್ ನೋಡಿದ್ದೆ. ಕಿತ್ತಿದ್ದು ನೋಡಿಲ್ಲ. ಅವರು ಕೇಳಿದ್ದು ಕಿತ್ತಾವರು ಯಾರು ಅಂತ."

ಬಾಗಿಲಿಂದ ಹೆಂಡತಿಯ ದನಿ ಬಂತು. "ಇವರು ಹಿಂಗ ನೋಡ್ರಿ. ನೋಡಿಲ್ಲ ನೋಡಿಲ್ಲ ಅಂತ ರಾಜೋಳಿ ನೋಡಿ ಬಂದ್ರು."

ಅವರು ನಕ್ಕು ಒಳಗೆ ಹೋಗಿ ಒಂದು ಝೆರಾಕ್ಸ್ ಹಾಳೆ ತಂದರು. ಆ ದಿನದ ಲಾಗ್‌ಶೀಟು. ಎಡಕ್ಕೆ ಅವರ ಅಂಕಿಗಳು ಒಂದರ ಕೆಳಗೊಂದು ಏರುತ್ತ ಬಂದಿದ್ದವು. ಅವುಗಳ ಕೆಳಗೆ ನನ್ನ ಎಂಟು ಸೊನ್ನೆ, ದುಂಡಗೆ, ಎಲ್ಲ ಒಂದೇ ಅಳತೆಯವು. ಅದರ ಕೆಳಗೆ ನನ್ನ ದಸ್ಕತ್ತು. ರಾಜೋಳಿಗೆ ಹೊರಟ ದಿನ ಮೇಡಮ್ಮು ಅವರಿಗೆ ಹೇಳಿದ್ದರಂತೆ: ಈ ಸೊನ್ನೆಗಳನ್ನು ಬರೆದವರೇ 'ನಾವು ನೋಡಿರಲಿಲ್ಲ' ಎಂದು ಬರೆದುಕೊಟ್ಟರೆ ನಿಮ್ಮ ರೀಡಿಂಗನ್ನು ಮತ್ತೆ ಸೇರಿಸುತ್ತೇನೆ, ನಿಮ್ಮ ಹೆಸರಿನ ಸಮೇತ.

"ನಾಕು ವರ್ಷ ಈ ಕಾಗದಾ ಇಟಗೊಂಡು ಕುಂತಿದ್ರಿ," ಎಂದೆ. "ನನ್ನ ಒಂದು ಮಾತು ಕೇಳಬೇಕಿತ್ತು."

"ನಾ ಕೇಳಿ ಬರೆಸಿದ್ರ ಅದು ನನ್ನ ರೀಡಿಂಗ್ ಆಗ್ತಿತ್ತು ಆಚಾರ್ರೇ. ನಿಮ್ಮದು ನೀವ ಬರೀಬೇಕು." ಕೊರಳಿನ ಪೆನ್ನು ತೆಗೆದು ಹಾಳೆಯ ಮೇಲಿಟ್ಟರು.

ನನಗೆ ಇನ್ನೂ ಮೂರು ವರ್ಷ ನೌಕರಿ ಇದೆ. ತಹಕೀಕಾತಿನಲ್ಲಿ ಸುಳ್ಳು ಹೇಳಿದೆ ಎಂದು ಸ್ವಂತ ಕೈಯಿಂದ ಬರೆದುಕೊಟ್ಟರೆ ಸಾಹೇಬರು ಏನು ಮಾಡುತ್ತಾರೆಂದು ಹೇಳಲು ಪಂಚಾಂಗ ಬೇಕಿಲ್ಲ. ಕೈ ಮುಂದೆ ಹೋಗಲಿಲ್ಲ. "ಮನಿಗೆ ಒಯ್ದು ಬರೀತೀನ್ರಿ," ಎಂದೆ.

"ಒಯ್ರಿ," ಎಂದರು. ಪೆನ್ನನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. ಹೆಂಡತಿ ಊಟಕ್ಕೆ ಎಬ್ಬಿಸಿದರು. ರೊಟ್ಟಿ, ಪುಂಡಿಪಲ್ಯ. ಹೊರಗಿನ ಅಡಿಗೆ ಉಣ್ಣದ ನಾನು ಆವತ್ತು ಎರಡು ರೊಟ್ಟಿ ಉಂಡೆ. ಇನ್ನೇನು ಮಡಿ ಉಳಿದಿತ್ತು ನನ್ನಲ್ಲಿ?

ಆ ಹಾಳೆ ಒಂಬತ್ತು ದಿನ ನಮ್ಮ ದೇವರ ಮನೆಯಲ್ಲಿತ್ತು. ದಿನಾ ಬೆಳಿಗ್ಗೆ ಬೊಗಸೆಯಲ್ಲಿ ನೀರು ಹಿಡಿದು ಸೂರ್ಯನೆದುರು ನಿಂತಾಗ ಮಂತ್ರ ತಪ್ಪುತ್ತಿತ್ತು. ಮೂರು ತಲೆಮಾರು ಅವನಿಗೆ ನೀರು ಬಿಟ್ಟವರು ನಾವು. ಅವನು ಒಮ್ಮೆ ನಮ್ಮ ಯಾರ್ಡಿನವರೆಗೆ ಇಳಿದು ಬಂದಾಗ ಎದ್ದು ಹೋಗಿ ನೋಡಿದ್ದು ಸಂಧ್ಯಾವಂದನೆ ಗೊತ್ತಿಲ್ಲದ ಒಬ್ಬ ಮನುಷ್ಯ. ನಾಚಿಕೆಯಾಯಿತು ಎಂದು ಬರೆದರೆ ಸನ್ಮಾನದ ಭಾಷಣದಂತೆ ಕೇಳುತ್ತದೆ. ಆದರೂ ಆಯಿತು.

ಹತ್ತನೆಯ ದಿನ ಎಂಟು ಸೊನ್ನೆಗಳನ್ನು ಹೊಡೆದು ಎಂಟು ಗೀಟು ಎಳೆದೆ. ಆ ದಿನದ್ದಷ್ಟೇ ಅಲ್ಲ, ಆ ವರ್ಷ ಪೆಟ್ಟಿಗೆಯ ಕಲಮಿನಲ್ಲಿ ನಾನು ಬರೆದ ಯಾವ ಸೊನ್ನೆಯೂ ನೋಡಿ ಬರೆದದ್ದಲ್ಲ, ಪ್ಲಗ್ಗು ಕಿತ್ತವನು ನಾನು, ಸಾಹೇಬರ ಮುಂದೆ ಹೇಳಿದ್ದು ಸುಳ್ಳು ಎಂದು ಕೆಳಗೆ ಬರೆದು ದಸ್ಕತ್ತು ಹಾಕಿದೆ. ಒಂದು ಪ್ರತಿ ಹೈದರಾಬಾದಿಗೆ, ಒಂದು ಸಾಹೇಬರಿಗೆ. ಉಳಿದಿಬ್ಬರು ಈಗ ನನ್ನ ಜೊತೆ ಮಾತಾಡುವುದಿಲ್ಲ. ಯಾರ್ಡಿನಲ್ಲಿ ಎದುರಾದರೆ ನನಗೂ 'ಸೈಂಟಿಸ್ಟು' ಎನ್ನುತ್ತಾರೆ.

ಮೇಡಮ್ಮರ ಉತ್ತರ ನಾಲ್ಕು ದಿನದಲ್ಲಿ ಬಂತು. ಆ ಬೆಳಗಿನ ರೀಡಿಂಗು ಸೇರುತ್ತದೆ. ಅವರ ಹೆಸರಿನ ಅಕ್ಷರಗಳನ್ನು ತಪ್ಪಿಲ್ಲದೆ ಬರೆದು ಕಳಿಸಿ ಎಂದು ಕೇಳಿದ್ದರು. ಸನ್ಮಾನಪತ್ರ ನೋಡದೆ, ಹಳೆಯ ಲಾಗ್‌ಶೀಟಿನಲ್ಲಿದ್ದ ಅವರ ಸ್ವಂತ ದಸ್ಕತ್ತು ನೋಡಿ ಬರೆದು ಕಳಿಸಿದೆ.

ಸಾಹೇಬರ ಉತ್ತರ ಮೆಮೋ ರೂಪದಲ್ಲಿ ನಿನ್ನೆ ಬಂತು. ಇವತ್ತು ಪಾಳಿಗೆ ಬಂದ ಮೇಲೆ ಬೇವಿನ ಮರದ ಕೆಳಗೆ ಕೂತು ಜವಾಬು ಬರೆದು, ಅವರಿಗೆ ಫೋನು ಮಾಡಿದೆ.

"ಅಣ್ಣಾರೇ, ಮೆಮೋ ಬಂತ್ರಿ."

"ಏನ್ ಕೇಳ್ಯಾರ?"

"ಆವತ್ತ ಎರಡರಿಂದ ಹತ್ತರತನಾ ನೀವು ನೋಡಿದ್ದೇನು, ಬರದು ಕೊಡ್ರಿ ಅಂತ."

"ಏನ್ ಬರದ್ರಿ?"

"ಎಂಟು ಗೀಟು."

ಹಿಂದೆ ಅವರ ಹೆಂಡತಿ ಏನೋ ಕೇಳಿದ್ದು, ಇವರು "ಹೂಂ, ಅವರ," ಎಂದದ್ದು ಕೇಳಿಸಿತು. ಆಮೇಲೆ ಕೇಳಿದರು.

"ಪೆನ್ಸಿಲ್ಲಿಲೇ ಏನು, ಪೆನ್ನಿಲೇ?"

"ಪೆನ್ನಿಲೇ, ಅಣ್ಣಾರೇ."

"ಈಗ ಟೈಮ್ ಎಷ್ಟಾತ್ರಿ ನಿಮ್ಮಲ್ಲೆ?"

"ಮೂರಾತು."

"ಮತ್ತ ಮೂರರ ರೀಡಿಂಗ್ ಯಾರು ನೋಡ್ತಾರ? ಏಳ್ರಿ," ಎಂದು ಫೋನಿಟ್ಟರು.

ಎದ್ದೆ. ಚಪ್ಪಲಿ ಮೆಟ್ಟಿ ಬಿಸಿಲಿಗಿಳಿದು, ಮೀಟರುಗಳನ್ನು ಒಂದೊಂದಾಗಿ ನೋಡಿ ಬಂದು ಬರೆದೆ.